ತೆಳುವಾಗಿ ಬಣ್ಣ: 1/24 ಅಳತೆಯ ಬೀಟಲ್ ಕಾರನ್ನು ನಾನು ಸಿದ್ಧಪಡಿಸಿದ ಬಗೆ

ನಿಜವಾದ ಕಾರಿನ ಬಾಗಿಲಿಗೂ ಬಾಡಿಗೂ ನಡುವೆ ಸುಮಾರು ನಾಲ್ಕು ಮಿಲಿಮೀಟರ್ ಸಂದು ಇರುತ್ತದೆ ಎಂದುಕೊಳ್ಳಿ. 1/24 ಅಳತೆಯ ಮಾಡೆಲ್‌ಗಾಗಿ ಅದನ್ನು 24ರಿಂದ ಭಾಗಿಸಿದರೆ 0.17 ಮಿಲಿಮೀಟರ್. ಕಾರಿನ ಬಣ್ಣದ ಪದರ, ಪ್ರೈಮರ್ ಸೇರಿ, ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ. ಅದನ್ನೂ ಭಾಗಿಸಿದರೆ 0.004 ಮಿಲಿಮೀಟರ್. ಅಷ್ಟು ತೆಳುವಾಗಿ ಬಣ್ಣ ಹಚ್ಚಲು ಯಾರಿಗೂ ಸಾಧ್ಯವಿಲ್ಲ. ಆದರೆ ಸಂದಿನ ಎರಡು ಬದಿಗೂ 0.05 ಮಿಲಿಮೀಟರ್ ಬಣ್ಣ ಕೂತರೆ ಅರ್ಧಕ್ಕಿಂತ ಹೆಚ್ಚು ಸಂದು ಮುಚ್ಚಿಹೋಗುತ್ತದೆ, ಬಾಗಿಲು ಬಾಗಿಲಿನಂತೆ ಕಾಣುವುದಿಲ್ಲ. ಮಾಡೆಲ್ ಕಾರಿಗೆ ಬಣ್ಣ ಹಚ್ಚುವವರು ಹೊಳಪಿನ ಬಗ್ಗೆ ಬಹಳ ಮಾತನಾಡುತ್ತಾರೆ. ನನ್ನ ಮಟ್ಟಿಗೆ ಹೊಳಪು ಎರಡನೆಯ ಮಾತು. ಮೊದಲು ಬೇಕಾದದ್ದು ತೆಳುಪು.

ಇಲ್ಲಿ ಬರೆಯುತ್ತಿರುವುದು ಟಮಿಯಾ ಕಂಪನಿಯ 1/24 ಅಳತೆಯ ಫೋಕ್ಸ್‌ವ್ಯಾಗನ್ 1300 ಬೀಟಲ್ ಕಿಟ್ (ಜೋಡಿಸಿ ಬಣ್ಣ ಹಚ್ಚಬೇಕಾದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ) ಬಗ್ಗೆ, 1966ರ ಮಾದರಿ. ಬೀಟಲ್ ಹೊರಗಿನಿಂದ ಬದಲಾಗದ ಕಾರು ಎಂಬ ಭಾವನೆ ಸಾಮಾನ್ಯ. ಅದನ್ನು ಪ್ರೀತಿಸುವವರಿಗೆ ಮಾತ್ರ ಒಂದೊಂದು ವರ್ಷದ ಗುರುತೂ ಬೇರೆ. 1965ರ ಮಾದರಿಯಲ್ಲಿ ಕಿಟಕಿಗಳು ದೊಡ್ಡವಾದವು. 1966ರಲ್ಲಿ 1285 ಸಿಸಿ ಎಂಜಿನ್ ಬಂತು. ಚಕ್ರಗಳಿಗೆ ಗಾಳಿಯಾಡುವ ಕಿಂಡಿಗಳೂ ಚಪ್ಪಟೆಯಾದ ಮುಚ್ಚಳಗಳೂ ಬಂದವು. 1968ರ ಹೊತ್ತಿಗೆ ಯುರೋಪಿನ ಕಾರುಗಳಲ್ಲಿ ಮುಂದೀಪದ ಓರೆ ಗಾಜು ಹೋಗಿ ದೀಪ ನೇರವಾಗಿ ನಿಂತಿತು, ಬಂಪರ್ ದಪ್ಪವಾಯಿತು. ಓರೆ ಗಾಜಿನ ದೀಪ, ತೆಳ್ಳನೆಯ ಬಂಪರ್, ಕಿಂಡಿಯ ಚಕ್ರ ಮೂರೂ ಒಟ್ಟಿಗೆ ಸಿಗುವ ಈ ಕೆಲವೇ ವರ್ಷಗಳ ಬೀಟಲ್ ನನಗೆ ಎಲ್ಲಕ್ಕಿಂತ ಚೆಂದ.

ಬಾಡಿಯಲ್ಲಿ ಮೊದಲ ಕೆಲಸ ಅಚ್ಚಿನ ಗೆರೆಗಳನ್ನು ತೆಗೆಯುವುದು. ಬೀಟಲ್‌ನಲ್ಲಿ ಸಮತಟ್ಟಾದ ಜಾಗವೇ ಇಲ್ಲ, ಎಲ್ಲವೂ ಉಬ್ಬು. ಅಚ್ಚಿನ ಗೆರೆ ಆ ಉಬ್ಬಿನ ಮೇಲೆಯೇ ಹಾದುಹೋಗುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಹೊಳಪು ಬಂದ ಮೇಲೆ ಬೆಳಕು ಅಲ್ಲಿ ಮುರಿಯುತ್ತದೆ. 600ರ ಉಪ್ಪುಕಾಗದವನ್ನು (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಮೆತ್ತನೆಯ ಸ್ಪಂಜಿಗೆ ಅಂಟಿಸಿಕೊಂಡು, ನೀರಿನಲ್ಲಿ ಅದ್ದಿ, ಗೆರೆಗೆ ಅಡ್ಡಲಾಗಿ ಉಜ್ಜುತ್ತೇನೆ, ಆಮೇಲೆ 1000. ಗಟ್ಟಿ ಹಲಗೆಗೆ ಕಾಗದ ಸುತ್ತಿ ಉಜ್ಜಿದರೆ ಉಬ್ಬಿನ ಮೇಲೆ ಚಪ್ಪಟೆ ಪಟ್ಟಿ ಬೀಳುತ್ತದೆ.

ಅದಾದ ಮೇಲೆ ಸಂದುಗಳನ್ನು ಆಳ ಮಾಡುತ್ತೇನೆ. ಬಾಗಿಲು, ಮುಂದಿನ ಬಾನೆಟ್, ಹಿಂದಿನ ಎಂಜಿನ್ ಮುಚ್ಚಳ, ಎಲ್ಲದರ ಸುತ್ತಲಿನ ಗೆರೆಯಲ್ಲಿ ಸೂಜಿಮೊನೆಯ ಉಪಕರಣವನ್ನು ಒತ್ತಡವಿಲ್ಲದೆ ಮತ್ತೆ ಮತ್ತೆ ಎಳೆಯಬೇಕು. ಒತ್ತಿದರೆ ಮೊನೆ ದಾರಿ ತಪ್ಪುತ್ತದೆ. ಅಗಲ ಮಾಡುವ ಆಸೆ ಬೇಡ, ಆಳ ಸಾಕು. ಆಳವಿದ್ದರೆ ಅಲ್ಲಿ ನೆರಳು ತಾನಾಗಿಯೇ ನಿಲ್ಲುತ್ತದೆ. ಮಡ್‌ಗಾರ್ಡ್ ಬಾಡಿಗೆ ಸೇರುವ ಜಾಗಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ನಿಜವಾದ ಬೀಟಲ್‌ನಲ್ಲಿ ಮಡ್‌ಗಾರ್ಡ್‌ಗಳನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ, ಸಂದಿನಲ್ಲಿ ಒಂದು ಪಟ್ಟಿ ಇರುತ್ತದೆ. ಆ ಗೆರೆ ಬಣ್ಣದಲ್ಲಿ ಮುಳುಗಿದರೆ ಇಡೀ ಕಾರು ಒಂದೇ ಮುದ್ದೆಯಿಂದ ಎರೆದಂತೆ ಕಾಣುತ್ತದೆ.

ಪಾತ್ರೆ ತೊಳೆಯುವ ಸೋಪಿನ ದ್ರಾವಣದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಾಡಿಯನ್ನು ತೊಳೆದು ಒಣಗಿಸುತ್ತೇನೆ. ಅಲ್ಲಿಂದ ಮುಂದೆ ಕೈಗವಸು ಹಾಕಿಯೇ ಮುಟ್ಟುವುದು. ಬೆರಳಿನ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಬಣ್ಣದ ಕೆಲಸ ಎಂದರೆ ಅರ್ಧ ಹವೆಯ ಜೊತೆಗಿನ ಕೆಲಸ. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಹವೆಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ನೀರಿನ ಸೂಕ್ಷ್ಮ ಹನಿಗಳು ಕೂತು ಬಣ್ಣ ಬೂದಿ ಬಡಿದಂತೆ ಬೆಳ್ಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಬಣ್ಣ ಹೊಡೆಯುವುದನ್ನು ನಾನು ನಿಲ್ಲಿಸಿಬಿಡುತ್ತೇನೆ. ಮಳೆಗಾಲ ಒಳಾಂಗಣ, ಚಕ್ರ, ಎಂಜಿನ್ ಭಾಗಗಳಿಗೆ ಮೀಸಲು. ಉಳಿದ ತಿಂಗಳಲ್ಲೂ ಬೆಳಿಗ್ಗೆಯ ತೇವ ಕಳೆದ ಮೇಲೆಯೇ, ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ಹಾಕುವುದು. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಬಟ್ಟಲು ಕರಾವಳಿಯಲ್ಲಿ ಬೇಕೇ ಬೇಕು, ಇಲ್ಲದಿದ್ದರೆ ಬಣ್ಣದ ಜೊತೆ ನೀರಿನ ಹನಿಯೂ ಹಾರುತ್ತದೆ. ಬೇಗ ಆರದ, ತಾನಾಗಿ ಸಮನಾಗಿ ಹರಡಿಕೊಳ್ಳುವ ಲೆವೆಲಿಂಗ್ ಥಿನ್ನರ್ ಬಳಸುವುದರಿಂದಲೂ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎನ್‌ಸಿ ಥಿನ್ನರ್ ಅಗ್ಗ, ಹೌದು. ಆದರೆ ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಏರ್‌ಬ್ರಷ್ ತೊಳೆಯಲು ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಸ್ಪ್ರೇ ಡಬ್ಬಿಗಳಿಗೆ ವಿಮಾನ ಸಾಗಣೆಯಲ್ಲಿ ನಿರ್ಬಂಧವಿರುವುದರಿಂದ ಹೊರಗಿನಿಂದ ತರಿಸುವುದು ಕಷ್ಟ. ಬಾಟಲಿಯ ಬಣ್ಣ, 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್ ಇದ್ದರೆ ಸಾಕು. ತೆಳುಪು ಬೇಕಾದವರಿಗೆ ಡಬ್ಬಿಗಿಂತ ಏರ್‌ಬ್ರಷ್ಷೇ ಮೇಲು. ಯಾವುದೇ ಲ್ಯಾಕರ್ ಹೊಡೆಯುವಾಗಲೂ ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸಬೇಕು, ಬಟ್ಟೆಯ ಮಾಸ್ಕ್ ಪ್ರಯೋಜನಕ್ಕಿಲ್ಲ.

ಬಣ್ಣಕ್ಕೆ ನಾನು ಆರಿಸಿದ್ದು ಬಹಾಮಾ ಬ್ಲೂ. ಫೋಕ್ಸ್‌ವ್ಯಾಗನ್ ಪಟ್ಟಿಯಲ್ಲಿ ಅದರ ಸಂಖ್ಯೆ ಎಲ್519. ತಿಳಿಯೂ ಅಲ್ಲದ ಗಾಢವೂ ಅಲ್ಲದ ನೀಲಿ. ಬಿಳಿ ಲ್ಯಾಕರಿಗೆ ನೀಲಿ ಬೆರೆಸುತ್ತಾ ಹೋಗಿ, ಕಣ್ಣಿಗೆ ಹೊಡೆಯುವ ಗುಣ ಇಳಿಯಲು ಒಂದು ಹನಿ ಕಪ್ಪು ಸೇರಿಸಿದೆ. ಪರೀಕ್ಷೆಗೆ ಪ್ಲಾಸ್ಟಿಕ್ ಚಮಚದ ಬೆನ್ನು ಬಹಳ ಅನುಕೂಲ, ಅದರ ಉಬ್ಬು ಬೀಟಲ್ ಬಾನೆಟ್ಟಿನ ಉಬ್ಬಿಗೆ ಹತ್ತಿರ. ಪ್ರೈಮರ್ ಹಾಕಿದ ಚಮಚಗಳ ಮೇಲೆ ಒಂದೊಂದು ಮಿಶ್ರಣ ಹೊಡೆದು, ಪೂರ್ತಿ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ಕಿಟಕಿಯ ಬಳಿ ಇಟ್ಟು ನೋಡಬೇಕು. ಸಣ್ಣ ವಸ್ತುವಿನ ಮೇಲೆ ಅದೇ ಬಣ್ಣ ಹೆಚ್ಚು ಗಾಢವಾಗಿ ಕಾಣುವುದರಿಂದ, ಫೋಟೊದ ಬಣ್ಣಕ್ಕಿಂತ ಒಂದು ಛಾಯೆ ಬಿಳಿ ಹೆಚ್ಚಿಸಿಕೊಂಡೆ. ಬೆರೆಸಿದ ಬಣ್ಣದಲ್ಲಿ ಒಂದಿಷ್ಟನ್ನು ಮುಚ್ಚಳ ಭದ್ರವಾದ ಸೀಸೆಯಲ್ಲಿ ತೆಗೆದಿಟ್ಟೆ. ಆ ಕಾಲದ ಬೀಟಲ್‌ನ ಡ್ಯಾಶ್‌ಬೋರ್ಡ್ ಉಕ್ಕಿನ ತಗಡು, ಅದಕ್ಕೂ ಬಾಡಿಯದೇ ಬಣ್ಣ. ಇನ್ನೊಮ್ಮೆ ಬೆರೆಸಿದರೆ ಅದೇ ನೀಲಿ ಸಿಗುವುದು ಕಷ್ಟ.

ಪ್ರೈಮರ್ ತೆಳುವಾಗಿ ಎರಡು ಕೈ, ಬಿಳಿ. ಬೂದು ಪ್ರೈಮರ್ ಮೇಲೆ ತಿಳಿ ಬಣ್ಣ ಮುಚ್ಚಿಕೊಳ್ಳಲು ಹೆಚ್ಚು ಕೈ ಬೇಕು, ಅಷ್ಟೂ ದಪ್ಪ ಹೆಚ್ಚುತ್ತದೆ. ಪ್ರೈಮರ್ ಒಣಗಿದ ಮೇಲೆ 2000ರ ಕಾಗದದಿಂದ ಹಗುರವಾಗಿ ಒರೆಸುತ್ತೇನೆ. ಬಣ್ಣ ಒಂದು ಪಾಲಿಗೆ ಥಿನ್ನರ್ ಒಂದೂವರೆಯಿಂದ ಎರಡು ಪಾಲು. ಒತ್ತಡ ಒಂದು ಬಾರ್ ಆಸುಪಾಸು. ದೂರ ಎಂಟು-ಹತ್ತು ಸೆಂಟಿಮೀಟರ್. ಮೊದಲು ಅಂಚುಗಳು ಮತ್ತು ಸಂದುಗಳಿಗೆ ಮಂಜಿನಷ್ಟೇ ಬಣ್ಣ, ಆಮೇಲೆ ವಿಶಾಲವಾದ ಭಾಗ. ಈ ಕ್ರಮ ತಿರುವುಮುರುವಾದರೆ ಸಂದಿಗೆ ಬಣ್ಣ ತಲುಪಿಸಲು ಹೋಗಿ ಛಾವಣಿಯ ಮೇಲೆ ಅನಗತ್ಯ ಪದರ ಕೂರುತ್ತದೆ. ಮೊದಲ ಕೈಯಲ್ಲಿ ಪ್ರೈಮರ್ ಇಣುಕುತ್ತಲೇ ಇರಬೇಕು. ಕೊನೆಯ ಕೈಗೆ ಮಾತ್ರ ಥಿನ್ನರ್ ಇನ್ನೂ ಹೆಚ್ಚಿಸಿ, ಮೇಲ್ಮೈ ಒದ್ದೆಯಾಗಿ ಹೊಳೆಯುವವರೆಗೆ ಹೊಡೆದು ತಕ್ಷಣ ಕೈ ತೆಗೆಯುತ್ತೇನೆ.

ಒಣಗಿಸಲು ಪ್ಲೈವುಡ್ ಪೆಟ್ಟಿಗೆಯೊಳಗೆ ಒಂದು ಬಲ್ಬು, ಕೋಳಿಮರಿಗಳಿಗೆ ಕಾವು ಕೊಡುವ ಪೆಟ್ಟಿಗೆಯ ಹಾಗೆ. ಥರ್ಮಾಮೀಟರ್ ಇಟ್ಟು 40 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತೇನೆ. ಬಿಸಿ ಹೆಚ್ಚಾದರೆ ಛಾವಣಿಯ ತೆಳ್ಳಗಿನ ಕಂಬಗಳು ಸೊಟ್ಟಗಾಗುತ್ತವೆ. ಒಣಗಿತೇ ಎಂದು ತಿಳಿಯಲು ಮೂಗೇ ಸಾಕು. ಬಾಡಿಯ ಒಳಭಾಗಕ್ಕೆ ಮೂಗು ಹಿಡಿದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಒಣಗಿಲ್ಲ. ಕೈಗೆ ಗಟ್ಟಿಯೆನಿಸಿದರೂ ಆ ವಾಸನೆ ಇರುವವರೆಗೆ ಪಾಲಿಷ್ ಮಾಡುವುದಿಲ್ಲ.

ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೆಯಬೇಕೇ? ಈ ಕಾರಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. 1966ರ ಬೀಟಲ್‌ಗೆ ಬಳಿದದ್ದು ಒಂದೇ ಬಗೆಯ ಗಟ್ಟಿ ಬಣ್ಣ, ಅದರ ಮೇಲೆ ಪಾರದರ್ಶಕ ಪದರ ಇರಲಿಲ್ಲ. ಗ್ಯಾರೇಜಿನವರು ಗಟ್ಟಿಕಾರಕ ಬೆರೆಸಿ ಬಳಸುವ ಟೂ-ಕೆ ಕ್ಲಿಯರ್ ಮಾಡೆಲ್ ಮೇಲೆ ಗಾಜಿನ ಹಾಗೆ ಹೊಳೆಯುತ್ತದೆ, ನೋಡಿದವರು ಬೆರಗಾಗುತ್ತಾರೆ, ಆದರೆ ಅದು ಇಂದಿನ ಕಾರಿನ ಹೊಳಪು. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯಕಾರಿ. ಮನೆಯ ಕೋಣೆಯಲ್ಲಿ ಅದನ್ನು ತೆರೆಯುವುದನ್ನೇ ನಾನು ಒಪ್ಪುವುದಿಲ್ಲ. ಬೀಟಲ್‌ನ ಬಾಡಿಯ ಮೇಲೆ ಡೆಕಾಲ್‌ಗಳೂ (ಅಂಟಿಸುವ ತೆಳು ಚಿತ್ರಗಳು) ಇಲ್ಲದಷ್ಟು ಕಡಿಮೆ, ಅವುಗಳ ರಕ್ಷಣೆಗೆಂದು ಕ್ಲಿಯರ್ ಬೇಕಿಲ್ಲ. ಬಣ್ಣವನ್ನೇ ಪಾಲಿಷ್ ಮಾಡಿದೆ. 3000ರ ಕಾಗದ ನೀರಿನಲ್ಲಿ, ಅದಕ್ಕಿಂತ ನುಣುಪಾದ ಬಟ್ಟೆ, ಆಮೇಲೆ ಒರಟು, ನಯ, ಅತಿನಯ ಎಂಬ ಮೂರು ಹಂತದ ಕಾಂಪೌಂಡ್ (ಪಾಲಿಷ್ ಮಾಡುವ ಪೇಸ್ಟ್). ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳ ಮೇಲೆ ಮೊದಲೇ ಸಪೂರ ಮಾಸ್ಕಿಂಗ್ ಟೇಪ್ ಹಚ್ಚಿ ಕಾಪಾಡಬೇಕು. ತೆಳುವಾಗಿ ಹೊಡೆದ ಬಣ್ಣ ಏಣಿನ ಮೇಲೆ ಇನ್ನೂ ತೆಳು.

ಲೋಹದ ಭಾಗಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬೀಟಲ್‌ನ ಬಂಪರ್‌ಗಳು ಕ್ರೋಮ್ ಲೇಪಿಸಿದ ಉಕ್ಕು. ಸೊಂಟದುದ್ದಕ್ಕೂ, ಬಾನೆಟ್ಟಿನ ನಡುವೆ ಹಾದುಹೋಗುವ ಹೊಳೆಯುವ ಪಟ್ಟಿಗಳು ಅಲ್ಯೂಮಿನಿಯಂ. ಇವೆರಡರ ಹೊಳಪು ಬೇರೆ. ಕ್ರೋಮ್ ಸುತ್ತಲಿನದ್ದನ್ನು ಕಪ್ಪಾಗಿ, ಸ್ಪಷ್ಟವಾಗಿ ಪ್ರತಿಬಿಂಬಿಸುತ್ತದೆ. ಅಲ್ಯೂಮಿನಿಯಂ ಬೆಳ್ಳಗೆ, ಸ್ವಲ್ಪ ಮಸುಕಾಗಿ ಹೊಳೆಯುತ್ತದೆ. ಎಲ್ಲಕ್ಕೂ ಒಂದೇ ಬೆಳ್ಳಿ ಬಳಿದ ಮಾಡೆಲ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆಟಿಕೆಯಂತೆ ಕಾಣಲು ಇದೇ ಕಾರಣ. ಧರ್ಮಸ್ಥಳಕ್ಕೆ ಹೋದಾಗಲೆಲ್ಲ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯದಲ್ಲಿ ನಾನು ನೋಡುವುದು ಇಂಥವನ್ನೇ: ಯಾವ ಲೋಹ ಹೇಗೆ ಹೊಳೆಯುತ್ತದೆ, ಕಿಟಕಿಯ ರಬ್ಬರ್ ಎಷ್ಟು ಕಪ್ಪು. ಹಳೆಯ ರಬ್ಬರ್ ಅಚ್ಚ ಕಪ್ಪಲ್ಲ, ಬೂದು ಬೆರೆತ ಕಪ್ಪು, ಹೊಳಪಿಲ್ಲ.

ಪಟ್ಟಿಗಳಿಗೆ ನಾನು ಬಳಸಿದ್ದು ಬೇರ್-ಮೆಟಲ್ ಫಾಯಿಲ್, ಅದರ ಮಸುಕು ಅಲ್ಯೂಮಿನಿಯಂ ಬಗೆ. ಹಿಂಬದಿಯಲ್ಲಿ ಅಂಟು ಇರುವ ಬಹು ತೆಳ್ಳಗಿನ ಲೋಹದ ಹಾಳೆ ಇದು. ಪಟ್ಟಿಗಿಂತ ಸ್ವಲ್ಪ ಅಗಲಕ್ಕೆ ಕತ್ತರಿಸಿ, ಮೇಲೆ ಕೂರಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತಾ ಹೋದರೆ ಅಡಿಯ ಆಕಾರ ಮೂಡುತ್ತದೆ. ಅಂಚು ಕತ್ತರಿಸಲು ಪ್ರತಿ ಪಟ್ಟಿಗೂ ಹೊಸ ಬ್ಲೇಡ್. ಮೊಂಡು ಬ್ಲೇಡ್ ಕತ್ತರಿಸುವ ಬದಲು ಹಾಳೆಯನ್ನು ಹರಿಯುತ್ತದೆ. ಕೈಯ ಭಾರ ಬ್ಲೇಡಿನ ಮೇಲೆ ಬೀಳಬಾರದು; ಹಾಳೆ ಕತ್ತರಿಸಿದರೆ ಸಾಕು, ಬಣ್ಣದವರೆಗೆ ಇಳಿಯಬಾರದು. ಪಾಲಿಷ್ ಮುಗಿದ ಮೇಲೆಯೇ ಫಾಯಿಲ್ ಹಚ್ಚಬೇಕು, ಕಾಂಪೌಂಡ್ ತಾಗಿದರೆ ಅದು ಎದ್ದುಬಿಡುತ್ತದೆ. ಬಂಪರ್‌ಗಳಿಗೆ ಹೊಳೆಯುವ ಕಪ್ಪು ಬಣ್ಣ ಹೊಡೆದು ಚೆನ್ನಾಗಿ ಒಣಗಿಸಿ, ಮೇಲೆ ಅಲ್ಕ್ಲಾಡ್ ಎಂಬ ಬ್ರ್ಯಾಂಡಿನ ಕ್ರೋಮ್ ಬಣ್ಣವನ್ನು ಕಡಿಮೆ ಒತ್ತಡದಲ್ಲಿ ಹೊಗೆಯಷ್ಟು ಹೊಡೆದೆ. ಅಡಿಯ ಕಪ್ಪು ಕನ್ನಡಿಯಂತಿದ್ದರೆ ಮಾತ್ರ ಕ್ರೋಮ್ ಕ್ರೋಮ್ ಆಗುತ್ತದೆ.

ಸಂದುಗಳಿಗೆ ಎನಾಮಲ್ ವಾಶ್, ಅಂದರೆ ಥಿನ್ನರಿನಲ್ಲಿ ನೀರಿನಂತೆ ತೆಳುವಾಗಿಸಿದ ಎನಾಮಲ್ ಬಣ್ಣ. ಲ್ಯಾಕರ್ ಬಣ್ಣವನ್ನು ಎನಾಮಲ್ ಥಿನ್ನರ್ ಕರಗಿಸುವುದಿಲ್ಲ, ಹೆಚ್ಚಾದದ್ದನ್ನು ಹತ್ತಿಯಿಂದ ಒರೆಸಿ ತೆಗೆಯಬಹುದು. ಬರಿಯ ಪ್ಲಾಸ್ಟಿಕ್ಕಿಗೆ ಮಾತ್ರ ಇದು ಹರಿಯದಂತೆ ಎಚ್ಚರ ಬೇಕು, ಬಿಗಿಯಾಗಿ ಜೋಡಿಸಿದ ಭಾಗ ಸೀಳಿಬಿಡುತ್ತದೆ. ಬಾಗಿಲಿನ ಸಂದಿಗೆ ಗಾಢ ಬೂದು, ಮಡ್‌ಗಾರ್ಡ್ ಗೆರೆಗೆ ಗಾಢ ನೀಲಿ. ತಿಳಿ ಬಣ್ಣದ ಕಾರಿಗೆ ಅಚ್ಚ ಕಪ್ಪು ವಾಶ್ ಹಾಕಿದರೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಸಂದುಗಳನ್ನು ಮೊದಲೇ ಆಳ ಮಾಡಿದ್ದರಿಂದ ಕುಂಚದ ತುದಿ ತಾಗಿಸಿದರೆ ಸಾಕು, ಉಳಿದ ದೂರ ವಾಶ್ ತಾನೇ ಓಡುತ್ತದೆ.

ಒಳಗೆ ಸೀಟುಗಳಿಗೆ ಅರೆಹೊಳಪು, ನೆಲದ ಚಾಪೆಗೆ ಹೊಳಪಿಲ್ಲದ ಕಪ್ಪು, ಛಾವಣಿಯ ಒಳಮೈಗೆ ಕೆನೆಬಿಳಿ. ಇದರಲ್ಲಿ ವಿಶೇಷವೇನಿಲ್ಲ. ಟೈರಿನ ಮೇಲ್ಮೈಯನ್ನು 400ರ ಕಾಗದದಿಂದ ಉಜ್ಜಿ ಅಚ್ಚಿನ ಹೊಳಪು ತೆಗೆದೆ, ರಸ್ತೆಗೆ ತಾಗುವ ಭಾಗ ಬೂದುಗಟ್ಟಿತು. ಗಾಜುಗಳಿಗೂ ಮುಂದೀಪದ ಓರೆ ಗಾಜಿಗೂ ಫೆವಿಕಾಲ್. ಒಣಗಿದ ಮೇಲೆ ಅದು ಪಾರದರ್ಶಕ, ಅಂಚಿನಲ್ಲಿ ಹೆಚ್ಚಾದರೆ ಒದ್ದೆ ಹತ್ತಿಯಿಂದ ಒರೆಸಬಹುದು. ಸೂಪರ್ ಗ್ಲೂ ಆವಿಯಿಂದ ಗಾಜಿಗೆ ಬಿಳಿ ಮಬ್ಬು ಹತ್ತುತ್ತದೆ, ಪಾರದರ್ಶಕ ಭಾಗಗಳ ಹತ್ತಿರಕ್ಕೂ ಅದನ್ನು ತರಬಾರದು.

ಈಗ ಕಾರು ಅಕ್ರಿಲಿಕ್ ಪೆಟ್ಟಿಗೆಯಲ್ಲಿದೆ. ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಮಳೆಗಾಲದಲ್ಲಿ ಅದನ್ನು ಆಗಾಗ ಬದಲಿಸಬೇಕು. ಹಳೆಯ ಕಿಟ್‌ಗಳ ಮೆತ್ತನೆಯ ವಿನೈಲ್ ಟೈರಿನಿಂದ ಎಣ್ಣೆಯಂಥ ಅಂಶ ಹೊರಬಂದು ಚಕ್ರವನ್ನೋ ಪೆಟ್ಟಿಗೆಯ ತಳವನ್ನೋ ಕರಗಿಸಿಬಿಟ್ಟದ್ದನ್ನು ನೋಡಿದವರು ಬಹಳ ಮಂದಿ ಇದ್ದಾರೆ. ಆ ಕಾರಣಕ್ಕೆ ನಾಲ್ಕು ಟೈರಿನ ಅಡಿಗೂ ಒಂದೊಂದು ಫಾಯಿಲ್ ತುಂಡು ಅಂಟಿಸಿದ್ದೇನೆ, ಚಕ್ರ ಟೈರಿಗೆ ತಾಗುವ ಅಂಚಿಗೂ ಜೋಡಿಸುವ ಮೊದಲೇ ಒಂದು ಸುತ್ತು ಫಾಯಿಲ್ ಹಾಕಿದ್ದೇನೆ.