ಮನೆಯಿಂದ ದೂರವಿರುವ ಗಾಡಿ ಶೆಡ್ಡಿಗೆ ಕರೆಂಟು: ದಾವಣಗೆರೆ, ಚಿತ್ರದುರ್ಗದ ನೆಲಕ್ಕೆ ಹೊಂದುವ ಕ್ರಮ

ಕಾರು, ಟ್ರ್ಯಾಕ್ಟರು, ಸ್ಕೂಟರುಗಳಿಗೆಂದು ಮನೆಯಿಂದ ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ ತಗಡಿನ ಶೆಡ್ ಹಾಕಿಸಿದವರು, ಅಲ್ಲಿಗೆ ಕರೆಂಟನ್ನು ಹಿತ್ತಲಿನ ತೆಂಗಿನ ಮರಕ್ಕೆ ಸುತ್ತಿದ ವೈರಿನಲ್ಲಿ ಎಳೆದುಕೊಂಡಿರುವುದನ್ನು ನಮ್ಮ ಎರಡೂ ಜಿಲ್ಲೆಗಳಲ್ಲಿ ನೋಡುತ್ತೇವೆ. ಬಿಸಿಲಿಗೆ ಆ ವೈರಿನ ಹೊದಿಕೆ ಬಿರಿಯುತ್ತದೆ, ಗಾಳಿಗೆ ತಗಡಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಪೂರ್ತಿ ಸವೆದ ದಿನ ಇಡೀ ತಗಡಿಗೆ ಕರೆಂಟು ಹರಿಯುತ್ತದೆ. ಶೆಡ್ಡಿಗೆ ಕರೆಂಟು ನೆಲದೊಳಗಿನ, ಉಕ್ಕಿನ ಹೊದಿಕೆಯ ಆರ್ಮರ್ಡ್ ಕೇಬಲ್‌ನಲ್ಲಿಯೇ ಹೋಗಬೇಕು. ಜೋಡಣೆಯ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂದು ನಿಯಮವಿದೆ. ಆದರೆ ಏನು ಮಾಡಿಸಬೇಕೆಂಬುದು ಮನೆಯ ಯಜಮಾನರಿಗೆ ತಿಳಿದಿರದಿದ್ದರೆ ಎಂತಹ ಕೆಲಸಗಾರರು ಬಂದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೊದಲು ಶೆಡ್ಡಿನಲ್ಲಿ ಏನೇನು ನಡೆಯುತ್ತದೆ ಎಂದು ಬರೆದುಕೊಳ್ಳಿ. ಎರಡು ದೀಪ, ಒಂದು ಫ್ಯಾನು, ಸ್ಕೂಟರ್ ಚಾರ್ಜರ್, ಗಾಡಿ ತೊಳೆಯಲು 1 ಎಚ್‌ಪಿ ಮೋಟರು ಇಷ್ಟಾದರೆ 16 ಆಂಪಿಯರ್ ಸಾಕಾಗುತ್ತದೆ. ಕಾರಿನ 7 ಕಿಲೋವ್ಯಾಟ್ ಚಾರ್ಜರೋ ವೆಲ್ಡಿಂಗ್ ಯಂತ್ರವೋ ಬರುವುದಿದ್ದರೆ ಲೆಕ್ಕವೇ ಬೇರೆ, ಮುಂದೆ ಹೇಳುವ ಅಳತೆಗಳು ಅದಕ್ಕೆ ಸಲ್ಲುವುದಿಲ್ಲ. ಒಟ್ಟು ಹೊರೆ ಮನೆಗೆ ಮಂಜೂರಾದ ಕಿಲೋವ್ಯಾಟನ್ನು ಮೀರಿದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಶೆಡ್ಡಿನಲ್ಲಿ ಹಣ ಪಡೆದು ರಿಪೇರಿ ಮಾಡುವುದಾದರೆ ಮನೆಯ ಮೀಟರಿನಿಂದ ಎಳೆಯಕೂಡದು, ಅದಕ್ಕೆ ವಾಣಿಜ್ಯ ಸಂಪರ್ಕವನ್ನೇ ಪಡೆಯಬೇಕು.

ಕೇಬಲ್ಲಿನ ದಪ್ಪವನ್ನು ದೂರ ನಿರ್ಧರಿಸುತ್ತದೆ. 30 ಮೀಟರ್ ದೂರಕ್ಕೆ 16 ಆಂಪಿಯರ್ ಹರಿಯುವಾಗ 2.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಸುಮಾರು 7 ವೋಲ್ಟ್ ಕಳೆದುಹೋಗುತ್ತದೆ, 4 ಚದರ ಮಿಲಿಮೀಟರಿನಲ್ಲಿ ನಾಲ್ಕೂವರೆಯಷ್ಟೇ. ಬೇಸಿಗೆಯ ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುತ್ತ ಲೈನಿನ ವೋಲ್ಟೇಜೇ ಇಳಿದಿರುವ ಊರುಗಳಲ್ಲಿ ಈ ವ್ಯತ್ಯಾಸದಿಂದ ಮೋಟರು ಏಳದೆ ಗುಂಯ್ಗುಡುತ್ತ ಸುಟ್ಟುಹೋಗುವ ಸಂಭವವಿದೆ. ಆದ್ದರಿಂದ 4 ಚದರ ಮಿಲಿಮೀಟರಿನ, ಮೂರು ಕೋರಿನ (ಒಳಗೆ ಮೂರು ತಂತಿಗಳಿರುವ) ತಾಮ್ರದ ಆರ್ಮರ್ಡ್ ಕೇಬಲ್ ಹಾಕಿಸಿ. ಅಲ್ಯೂಮಿನಿಯಂ ಅಗ್ಗವೆನಿಸಿದರೆ 10 ಚದರ ಮಿಲಿಮೀಟರಿನದನ್ನು ಕೊಂಡು, ತುದಿಗಳಿಗೆ ಲಗ್ ಎಂಬ ಲೋಹದ ಟೊಪ್ಪಿಗೆ ಹಾಕಿ ಒತ್ತಿಸಲೇಬೇಕು. ಬರಿಯ ಅಲ್ಯೂಮಿನಿಯಂ ತಂತಿ ಸ್ಕ್ರೂವಿನಡಿ ದಿನಕಳೆದಂತೆ ಸಡಿಲವಾಗಿ ಕಾಯುತ್ತದೆ. ಮೂರು ಕೋರಿನ ಇಂತಹ ಕೇಬಲ್ಲು ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ಬರುತ್ತದೆ. ಕೆಂಪನ್ನು ಫೇಸಿಗೆ ಇಟ್ಟುಕೊಂಡು, ನ್ಯೂಟ್ರಲ್ಲಿಗೆ ಕಪ್ಪು ಟೇಪನ್ನೂ ಅರ್ಥಿಗೆ ಹಸಿರು ಟೇಪನ್ನೂ ಎರಡೂ ತುದಿಯಲ್ಲಿ ಸುತ್ತಿಸಿದರೆ ಮುಂದೆ ಬಿಚ್ಚುವವರ ಜೀವ ಉಳಿಯುತ್ತದೆ.

ಕೇಬಲ್ ಹೂಳಲು ತೋಡುವ ಕಾಲುವೆಯ ಆಳ 75 ಸೆಂಟಿಮೀಟರಿಗೆ ಕಡಿಮೆಯಾಗಬಾರದು. ದಾವಣಗೆರೆ, ಹರಿಹರದ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಅಂಗೈ ಇಳಿಯುವಷ್ಟು ಬಿರಿಯುತ್ತದೆ, ಬಿಗಿಯಾಗಿ ಎಳೆದು ಹೂತ ಕೇಬಲ್ಲನ್ನು ಆ ಬಿರುಕೇ ಜಗ್ಗುತ್ತದೆ. ಅಲ್ಲಿ ಕೇಬಲ್ಲನ್ನು ಸ್ವಲ್ಪ ಹಾವಿನಂತೆ ಸಡಿಲ ಬಿಟ್ಟು, ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಹೆಚ್ಚುವರಿ ಸುರುಳಿ ಇರಿಸಿ, ಸುತ್ತಲೂ ಎರೆಮಣ್ಣಿನ ಬದಲು ಮರಳನ್ನೇ ತುಂಬಿಸಬೇಕು. ಚಿತ್ರದುರ್ಗದ ಕಲ್ಲುನೆಲದಲ್ಲಿ ಹಾರೆ ಅರ್ಧಕ್ಕೇ ಬಂಡೆಗೆ ತಾಗುತ್ತದೆ. ಅಷ್ಟಕ್ಕೇ ಬಿಟ್ಟು ಮಣ್ಣು ಮುಚ್ಚುವುದು ತಪ್ಪು. ಆ ಭಾಗದಲ್ಲಿ ಕೇಬಲ್ಲನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ತೂರಿಸಿ ಮೇಲೆ ಕಾಂಕ್ರೀಟು ಹಾಕಿಸಿ. ಉಳಿದಂತೆ ಎರಡೂ ಬಗೆಯ ನೆಲದಲ್ಲಿ ಕೇಬಲ್ಲಿನ ಮೇಲೆ ಮರಳು, ಅದರ ಮೇಲೆ ಅಡ್ಡಲಾಗಿ ಇಟ್ಟಿಗೆ, ಆಮೇಲೆ ಮಣ್ಣು, ನಡುವೆ ಎಚ್ಚರಿಕೆಯ ಟೇಪು ಇರಲಿ. ಮುಚ್ಚುವ ಮುನ್ನ ಮನೆಯ ಗೋಡೆಯಿಂದ ಅಳತೆ ಹಿಡಿದು ಫೋಟೊ ತೆಗೆದಿಡಿ.

ಇಡೀ ಕೆಲಸದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಅರ್ಥಿಂಗ್ ಕುರಿತು. ನಮ್ಮ ಒಣ ನೆಲದಲ್ಲಿ ಅರ್ಥ್ ಗುಂಡಿಯ ರೋಧ (ಕರೆಂಟಿಗೆ ಒಡ್ಡುವ ತಡೆ) 10 ಓಮ್‌ಗೆ ಇಳಿದರೇ ಪುಣ್ಯ. ಆ ಗುಂಡಿಯೊಂದನ್ನೇ ನಂಬಿದ ಮೋಟರಿನ ಮೈಗೆ ಫೇಸ್ ತಾಗಿತೆನ್ನಿ: 230 ವೋಲ್ಟಿಗೆ 23 ಆಂಪಿಯರ್ ಮಾತ್ರ ನೆಲಕ್ಕೆ ಹರಿಯುತ್ತದೆ, ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ (ಹೊರೆ ಮೀರಿದಾಗ ತಾನೇ ಬೀಳುವ ಸ್ವಿಚ್ಚು) ಬೀಳಲು ಒಂದು ಗಂಟೆಯವರೆಗೂ ಹಿಡಿಯಬಹುದು. ಅಷ್ಟು ಹೊತ್ತೂ ಮೋಟರಿನ ಮೈಯಲ್ಲಿ ಕರೆಂಟು ಇರುತ್ತದೆ, ಕೆಳಗೆ ಒದ್ದೆ ನೆಲ, ಗಾಡಿ ತೊಳೆಯುವವರ ಬರಿಗಾಲು. ಇಂತಹ ಕಡೆ ಮನುಷ್ಯರನ್ನು ಕಾಪಾಡುವುದು, ಕರೆಂಟು ನೆಲಕ್ಕೆ ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಗುಂಡಿಯ ರೋಧ 100 ಓಮ್ ಇದ್ದರೂ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅದನ್ನು ಮನೆಯ ಡಿಬಿಯಲ್ಲಿ (ಕರೆಂಟು ಹಂಚುವ ಪೆಟ್ಟಿಗೆಯಲ್ಲಿ), ಮೀಟರು ಮತ್ತು ಮೇನ್ ಸ್ವಿಚ್ಚಿನ ನಂತರ, ಶೆಡ್ಡಿಗೆಂದೇ ಇಟ್ಟ 16 ಆಂಪಿಯರಿನ ಸಿ ಬಗೆಯ ಎಂಸಿಬಿಯ ಜೊತೆ ಹಾಕಿಸಿ. ಶೆಡ್ಡಿನಲ್ಲಿಯೇ ಇದ್ದರೆ ಬಿದ್ದಾಗ ಮನೆಗೆ ನಡೆಯುವುದು ತಪ್ಪುತ್ತದೆ, ನಿಜ. ಆದರೆ ಮನೆಯ ತುದಿಯಲ್ಲಿದ್ದಾಗ ನೆಲದಲ್ಲಿರುವ ಕೇಬಲ್ಲಿಗೂ ಅದರ ಕಾವಲು ಸಿಗುತ್ತದೆ, ಮೂವತ್ತು ಮೀಟರ್ ನಡೆದರೆ ನಷ್ಟವೇನಿಲ್ಲ.

ಮನೆಯ ಅರ್ಥನ್ನು ಕೇಬಲ್ಲಿನ ಮೂರನೆಯ ಕೋರಿನಲ್ಲಿ ಶೆಡ್ಡಿಗೆ ಒಯ್ದು, ಕೇಬಲ್ಲಿನ ಉಕ್ಕಿನ ಹೊದಿಕೆಯನ್ನು ಕೇಬಲ್ಲಿನ ತುದಿಯನ್ನು ಹಿಡಿದಿಡುವ ಲೋಹದ ಗ್ಲ್ಯಾಂಡಿನ ಮೂಲಕ ಅದಕ್ಕೇ ಸೇರಿಸಬೇಕು. ಹೊದಿಕೆಯೊಂದನ್ನೇ ಅರ್ಥ್ ಎಂದು ನೆಚ್ಚಬಾರದು, ತುಕ್ಕು ಹಿಡಿದರೆ ಆ ದಾರಿ ಮುಚ್ಚುತ್ತದೆ. ಶೆಡ್ಡಿನ ಬಳಿ ಗೋಡೆಯಿಂದ ಒಂದೂವರೆ ಮೀಟರ್ ಆಚೆ ಎರಡೂವರೆ ಮೀಟರಿನ ಜಿಐ ಪೈಪಿನ ಮತ್ತೊಂದು ಗುಂಡಿ ತೋಡಿಸಿ, ಅದನ್ನೂ ತಗಡಿನ ಚೌಕಟ್ಟನ್ನೂ ಆ ಮೂರನೆಯ ಕೋರು ಬಂದು ಸೇರುವ ಅರ್ಥ್ ಪಟ್ಟಿಗೇ ಕೂಡಿಸಿ. ಬಚ್ಚಲ ನೀರು ಹರಿಯುವ ಜಾಗ ಸಿಕ್ಕರೆ ಗುಂಡಿಗೆ ಅದೇ ಉತ್ತಮ. ಮಳೆಗಾಲದಲ್ಲಿ ಅಳೆದ ರೋಧವನ್ನು ನಂಬದೆ, ಏಪ್ರಿಲ್ ಮೇ ತಿಂಗಳ ಒಣ ನೆಲದಲ್ಲಿ ಇನ್ನೊಮ್ಮೆ ಅಳೆಯಿಸಿ. ಶೆಡ್ಡಿನಲ್ಲಿ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸುವುದು ಎಂದಿಗೂ ಕೂಡದು.

ಶೆಡ್ಡಿನ ಒಳಗೆ ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ ಒಂದು ಸ್ವಿಚ್ಚು, ದೀಪಕ್ಕೊಂದು ಪ್ಲಗ್ಗಿಗೊಂದು ಎಂಸಿಬಿ ಇದ್ದರಾಯಿತು. ಪ್ಲಗ್ಗುಗಳು ನೀರು ಸಿಡಿಯದ ಎತ್ತರದಲ್ಲಿರಲಿ.

ಮನೆಯ ಕಡೆ ಜೋಡಿಸುವ ದಿನ ಮೇನ್ ಸ್ವಿಚ್ ಇಳಿಸಿ, ಬೋರ್ಡಿನ ಬಳಿ ಮನೆಯವರೊಬ್ಬರು ನಿಂತಿರಬೇಕು; ಮೀಟರಿನ ಸೀಲನ್ನು ಯಾರೂ ಮುಟ್ಟಬಾರದು. ಕರೆಂಟು ಕೊಡುವ ಮುನ್ನ 500 ವೋಲ್ಟಿನ ಮೆಗ್ಗರಿನಿಂದ (ತಂತಿಯ ಹೊದಿಕೆಯ ರೋಧ ಅಳೆಯುವ ಉಪಕರಣ) ಕೇಬಲ್ಲನ್ನು ಪರೀಕ್ಷಿಸಲು ಹೇಳಿ. ಕೋರುಗಳ ನಡುವೆಯೂ ಪ್ರತಿ ಕೋರಿನಿಂದ ಅರ್ಥಿಗೂ ಒಂದು ಮೆಗಾಓಮಿಗೆ ಕಡಿಮೆ ತೋರಿಸಿದರೆ ಎಲ್ಲೋ ಕೋರಿನ ಹೊದಿಕೆ ಹರಿದಿದೆ ಎಂದೇ ಅರ್ಥ. ಆದ್ದರಿಂದ ಈ ಪರೀಕ್ಷೆಯನ್ನು ಮಣ್ಣು ಮುಚ್ಚುವ ಮುನ್ನ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಮಾಡಿಸಿ. ಬಳಿಕ ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಹೊಸದನ್ನು ಹಾಕಿಸುವವರೆಗೆ ಮನೆಯ ಡಿಬಿಯಲ್ಲಿರುವ ಶೆಡ್ಡಿನ ಎಂಸಿಬಿಯನ್ನು ಇಳಿಸಿಯೇ ಇಟ್ಟಿರಿ.