ಡೆಬಿಯನ್ ಪ್ಯಾಕೇಜಿಗೆ ಹೊಸ ಆವೃತ್ತಿ ಹಾಕುವಾಗ

ಲಿನಕ್ಸ್ ಆಧಾರಿತ ಡೆಬಿಯನ್‌ಗಾಗಿ ನೀವೊಂದು ತಂತ್ರಾಂಶದ ಪ್ಯಾಕೇಜು ನೋಡಿಕೊಳ್ಳುತ್ತಿದ್ದೀರಿ; ಆ ತಂತ್ರಾಂಶ ಬರೆಯುವ ಮೂಲ ಯೋಜನೆಯವರು 2.4.0 ಬಿಡುಗಡೆ ಮಾಡಿದ್ದಾರೆ, ನಿಮ್ಮ ಪ್ಯಾಕೇಜು ಇನ್ನೂ 2.3.1-2ರಲ್ಲಿದೆ (ಅಡ್ಡಗೆರೆಯ ನಂತರದ್ದು ಡೆಬಿಯನ್ ಪರಿಷ್ಕರಣೆಯ ಸಂಖ್ಯೆ) ಎಂದುಕೊಳ್ಳಿ. ಬಿಡುಗಡೆಗಳು ಎಲ್ಲಿ ಸಿಗುತ್ತವೆಂದು ಹೇಳುವ ವಾಚ್ ಫೈಲ್ ಸರಿಯಿದ್ದರೆ ಹೊಸ ಟಾರ್‌ಬಾಲನ್ನು (ಸೋರ್ಸ್ ಕೋಡಿನ ಕಟ್ಟನ್ನು) ಯುಸ್ಕ್ಯಾನ್ ಎಂಬ ಸಾಧನ ತಾನೇ ಹುಡುಕಿ ಇಳಿಸಿಕೊಡುತ್ತದೆ. ಆಮೇಲೆ ಹಳೆಯ ಪ್ಯಾಚ್‌ಗಳನ್ನು (ಮೂಲ ಕೋಡಿಗೆ ಮಾಡಿದ ತಿದ್ದುಪಡಿಗಳನ್ನು) ಅವನ್ನು ನಿರ್ವಹಿಸುವ ಕ್ವಿಲ್ಟ್‌ನಲ್ಲಿ ಒಂದೊಂದಾಗಿ ಹಾಕಿ ನೋಡಿ. ಮೂಲದವರು ಈಗಾಗಲೇ ಸೇರಿಸಿಕೊಂಡಿರುವುದನ್ನು ಪ್ಯಾಚ್‌ಗಳ ಪಟ್ಟಿಯಾದ ಸೀರೀಸ್ ಫೈಲಿನಿಂದ ತೆಗೆಯಿರಿ, ಸಾಲು ಆಚೀಚೆ ಆಗಿರುವುದನ್ನು ರಿಫ್ರೆಶ್ ಮಾಡಿ.

ಹೆಚ್ಚು ಪೆಟ್ಟು ಬೀಳುವುದು ಆವೃತ್ತಿ ಸಂಖ್ಯೆಯಲ್ಲಿ. ಪರೀಕ್ಷಾ ಬಿಡುಗಡೆಗೆ 2.4.0ಆರ್‌ಸಿ1 ಎಂದು ಬರೆದರೆ ಪ್ಯಾಕೇಜು ಇನ್‌ಸ್ಟಾಲ್ ಮಾಡುವ ಸಾಧನ ಡಿಪಿಕೆಜಿ ಅದನ್ನು 2.4.0ಗಿಂತ ಹೊಸದೆಂದು ಎಣಿಸುತ್ತದೆ. ಮುಂದೆ ನಿಜವಾದ 2.4.0 ಬಂದಾಗ ಡೆಬಿಯನ್‌ನ ಪ್ಯಾಕೇಜು ಭಂಡಾರವಾದ ಆರ್ಕೈವ್ ಅದನ್ನು ಹಳೆಯದೆಂದು ತಿರಸ್ಕರಿಸುತ್ತದೆ. 2.4.0~ಆರ್‌ಸಿ1 ಎಂದು ಟಿಲ್ಡೆ ಹಾಕಿದರೆ ತೊಂದರೆಯಿಲ್ಲ, ಟಿಲ್ಡೆ ಇರುವುದು ಯಾವಾಗಲೂ ಹಿಂದಿನದು. ಅನುಮಾನವಿದ್ದರೆ ಡಿಪಿಕೆಜಿಯ ಕಂಪೇರ್-ವರ್ಷನ್ಸ್ ಆಯ್ಕೆಯಲ್ಲಿ ಎರಡನ್ನೂ ಕೊಟ್ಟು ನೋಡಿ. 2.4.0 ಹಾಕಿಯಾದ ಮೇಲೆ ಅದು ಕೆಟ್ಟಿದೆ, 2.3.1ಕ್ಕೇ ಮರಳಬೇಕು ಎಂದಾದರೆ ಸಂಖ್ಯೆಯನ್ನು ಇಳಿಸಲಾಗದು. 2.4.0+ರಿಯಲಿ2.3.1-1 ಎಂದು ಹಾಕಬೇಕು. ನೋಡಲು ಅಸಹ್ಯ, ಆದರೆ ಎಪಾಕ್‌ಗಿಂತ (ಆವೃತ್ತಿಯ ಮುಂದೆ '1:' ಎಂಬಂತೆ ಸೇರಿಸುವ ಅಂಕಿಗಿಂತ) ವಾಸಿ: ಎಪಾಕ್ ಒಮ್ಮೆ ಸೇರಿಸಿದರೆ ಪ್ಯಾಕೇಜು ಇರುವವರೆಗೂ ಅಂಟಿಕೊಂಡಿರುತ್ತದೆ.

ಬಿಲ್ಡನ್ನು (ಸೋರ್ಸ್‌ನಿಂದ ಪ್ಯಾಕೇಜು ಕಟ್ಟುವುದನ್ನು) ನಿಮ್ಮ ಲ್ಯಾಪ್‌ಟಾಪಿನ ಮೇಲೆ ನೇರವಾಗಿ ಮಾಡಿ ಸುಮ್ಮನಾಗಬೇಡಿ. ಎಂದೋ ಇನ್‌ಸ್ಟಾಲ್ ಮಾಡಿದ್ದ ಲೈಬ್ರರಿಯೊಂದು ಅಲ್ಲಿರುತ್ತದೆ, ಕಟ್ಟಲು ಬೇಕಾದವುಗಳ ಪಟ್ಟಿಯಾದ ಬಿಲ್ಡ್-ಡಿಪೆಂಡ್ಸ್‌ನಲ್ಲಿ ಅದರ ಹೆಸರು ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ. ಎಸ್‌ಬಿಲ್ಡ್ ಬಳಸಿ, ಹೊಸ ಪ್ಯಾಕೇಜುಗಳು ಮೊದಲು ಸೇರುವ ಡೆಬಿಯನ್ ಶಾಖೆ ಅನ್‌ಸ್ಟೇಬಲ್‌ನ ಖಾಲಿ ಕ್ರೂಟ್‌ನಲ್ಲಿ (ಬೇರ್ಪಡಿಸಿದ ಪುಟ್ಟ ವ್ಯವಸ್ಥೆಯಲ್ಲಿ) ಕಟ್ಟಿ. ಬಿಲ್ಡ್ ನಡೆಯುವಾಗ ನೆಟ್‌ವರ್ಕ್ ಮುಟ್ಟುವುದು ಡೆಬಿಯನ್ ನೀತಿಗೆ ವಿರುದ್ಧ, ಹಾಗಾಗಿ ಇಂಟರ್ನೆಟ್ ಬೇಡುವ ಟೆಸ್ಟ್‌ಗಳನ್ನು ಪ್ಯಾಚ್ ಹಾಕಿ ತಪ್ಪಿಸಿ.

ಇಷ್ಟಾದರೂ ಬೇರೆ ಆರ್ಕಿಟೆಕ್ಚರ್‌ಗಳಲ್ಲಿ (ಪ್ರೊಸೆಸರ್ ಬಗೆಗಳಲ್ಲಿ) ಮುಗ್ಗರಿಸಬಹುದು. ಫೈಲಿನಿಂದ ಅಕ್ಷರ ಓದುವ ಗೆಟ್‌ಸಿ ಕೊಟ್ಟ ಬೆಲೆಯನ್ನು ಚಾರ್‌ನಲ್ಲಿಟ್ಟು, ಫೈಲು ಮುಗಿಯಿತೆನ್ನುವ ಇಒಎಫ್ (-1) ಜೊತೆ ಹೋಲಿಸುವ ಸಿ ಕೋಡು ಎಎಂಡಿ64ರಲ್ಲಿ ನಿಲ್ಲುತ್ತದೆ, ಎಆರ್‌ಎಂ64ರಲ್ಲಿ ಕೊನೆಯಿಲ್ಲದೆ ಸುತ್ತುತ್ತದೆ. ಅಲ್ಲಿ ಚಾರ್‌ಗೆ ಋಣ ಚಿಹ್ನೆಯಿಲ್ಲ, ಆದ್ದರಿಂದ -1 ಎಂಬುದು 255 ಆಗುತ್ತದೆ. ಅದನ್ನು ಇಂಟ್ ಮಾಡಿ, ಪ್ಯಾಚನ್ನು ಮೂಲದವರಿಗೂ ಕಳಿಸಿ.

ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್‌ನ ಎರರ್‌ಗಳೆಲ್ಲ ಹೋದ ಮೇಲೆ ಡಿಸಿಎಚ್ -ಆರ್ ಕೊಟ್ಟು ಚೇಂಜ್‌ಲಾಗ್‌ನ 'ಅನ್‌ರಿಲೀಸ್ಡ್' ಪದವನ್ನು 'ಅನ್‌ಸ್ಟೇಬಲ್' ಮಾಡಿ, ಡೆಬ್‌ಸೈನ್‌ನಿಂದ ಸಹಿ ಹಾಕಿ, ಡಿಪುಟ್‌ನಿಂದ ಕಳಿಸಿ. ಸೋರ್ಸ್ ಮಾತ್ರ ಸಾಕು. ನೀವೇ ಕಟ್ಟಿದ ಬೈನರಿ ಜೊತೆಗಿದ್ದರೆ ಪ್ಯಾಕೇಜು ಮುಂದಿನ ಶಾಖೆಯಾದ ಟೆಸ್ಟಿಂಗ್‌ಗೆ ದಾಟುವುದಿಲ್ಲ. ಲೈಬ್ರರಿಯ ಎಸ್ಒನೇಮ್ (ಹೊಂದಾಣಿಕೆ ಸೂಚಿಸುವ ಆಂತರಿಕ ಹೆಸರು) ಬದಲಾಗಿ ಬೈನರಿ ಪ್ಯಾಕೇಜಿನ ಹೆಸರೇ ಹೊಸದಾದಾಗ ಮಾತ್ರ ಬೈನರಿಯನ್ನೂ ಕಳಿಸಬೇಕು. ಅದು 'ನ್ಯೂ' ಎಂಬ ಸರತಿಯಲ್ಲಿ ನಿಂತು ಹೊಸ ಪ್ಯಾಕೇಜುಗಳನ್ನು ಪರಿಶೀಲಿಸುವ ತಂಡದವರ ಕಣ್ಣಿಗೆ ಬೀಳಬೇಕಾಗುತ್ತದೆ. ಇಂಥದ್ದನ್ನು ಮೊದಲು ಪ್ರಯೋಗದ ಶಾಖೆಯಾದ ಎಕ್ಸ್‌ಪೆರಿಮೆಂಟಲ್‌ಗೆ ಹಾಕುವುದು ಕ್ಷೇಮ.

ಚೇಂಜ್‌ಲಾಗ್‌ನಲ್ಲಿ ಬರೆದ ತುರ್ತು ಮಟ್ಟ 'ಮೀಡಿಯಂ' ಇದ್ದರೆ ಟೆಸ್ಟಿಂಗ್‌ಗೆ ದಾಟಲು 5 ದಿನ, 'ಲೋ' ಇದ್ದರೆ 10, 'ಹೈ' ಇದ್ದರೆ 2. ದಿನ ಕಳೆದರೂ ದಾಟದಿದ್ದರೆ ಡೆಬಿಯನ್‌ನ ಟ್ರ್ಯಾಕರ್ ತಾಣದಲ್ಲಿ ಪ್ಯಾಕೇಜಿನ ಎಕ್ಸ್‌ಕ್ಯೂಸಸ್ (ದಾಟದಿರಲು ಕಾರಣಗಳು) ತೆರೆದು ನೋಡಿ. ತಡೆದದ್ದು ಯಾವ ಆರ್ಕಿಟೆಕ್ಚರ್, ಯಾವ ಬಗ್ ಎಂದು ಅಲ್ಲೇ ಇರುತ್ತದೆ. ಸರಿಪಡಿಸಿದ್ದನ್ನು 2.4.0-2 ಎಂದು ಕಳಿಸಿ, ಚೇಂಜ್‌ಲಾಗ್‌ನಲ್ಲಿ 'ಕ್ಲೋಸಸ್' ಮುಂದೆ ಬಗ್ ಸಂಖ್ಯೆ ಬರೆಯಲು ಮರೆಯಬೇಡಿ.