ಹಿತ್ತಲ ಕೋಳಿಗಳಿಗೆ ನೀರಿನ ವ್ಯವಸ್ಥೆ: ನನ್ನ ಅನುಭವ

ಹಿತ್ತಲಿನಲ್ಲಿ ಹತ್ತು ಹೇಂಟೆಗಳನ್ನು ಸಾಕಲು ಆರಂಭಿಸಿದಾಗ ಗೂಡಿನ ಅಳತೆ, ಮೇವಿನ ಗುಣಮಟ್ಟ, ಮೊಟ್ಟೆ ಇಡುವ ಪೆಟ್ಟಿಗೆ ಇವುಗಳ ಬಗ್ಗೆ ನಾನು ವಾರಗಟ್ಟಲೆ ಯೋಚಿಸಿದ್ದೆ. ನೀರಿನ ಬಗ್ಗೆ ಮಾತ್ರ ಅರ್ಧ ಗಂಟೆಯನ್ನೂ ಕೊಟ್ಟಿರಲಿಲ್ಲ. ಅಗಲವಾದ ಬೋಗುಣಿಯೊಂದನ್ನು ನೆಲದ ಮೇಲಿಟ್ಟು ಬೆಳಿಗ್ಗೆ ತುಂಬಿಸಿದರೆ ಸಾಕೆಂದು ತಿಳಿದಿದ್ದೆ. ಮೊದಲ ದಿನವೇ, ತುಂಬಿಸಿ ಒಂದು ತಾಸು ಕಳೆಯುವುದರೊಳಗೆ, ಅದರಲ್ಲಿ ಮರದ ಹೊಟ್ಟು, ಮಣ್ಣು, ಹಿಕ್ಕೆ ಮೂರೂ ಕಲೆತು ನೀರು ಕಂದುಬಣ್ಣದ ರಾಡಿಯಾಗಿತ್ತು. ಕೋಳಿ ಕೆದರಿಯೇ ಬದುಕುವ ಪಕ್ಷಿ. ಅದು ನಿಂತಲ್ಲೆಲ್ಲ ಹಿಂದಕ್ಕೆ ಕಸ ಹಾರುತ್ತದೆ, ಮತ್ತು ಬೋಗುಣಿಯ ಅಂಚು ಅದಕ್ಕೆ ಕುಳಿತುಕೊಳ್ಳಲು ಹೇಳಿ ಮಾಡಿಸಿದ ಜಾಗ. ದಿನಕ್ಕೆ ನಾಲ್ಕು ಬಾರಿ ತೊಳೆದರೂ ಆ ಬೋಗುಣಿ ಶುಚಿಯಾಗಿ ಉಳಿಯಲಿಲ್ಲ.

ಆಗಿನಿಂದ ಇಂದಿನವರೆಗೆ ನಾನು ಮೂರು ಬಗೆಯ ಪಾತ್ರೆಗಳನ್ನು ಬಳಸಿದ್ದೇನೆ. ಒಂದೊಂದು ಪಾತ್ರೆಗೂ ಅದರದೇ ಆದ ಕೆಲಸವಿದೆ, ಕೆಲಸವನ್ನೇ ಇಲ್ಲವಾಗಿಸುವ ಪಾತ್ರೆ ಯಾವುದೂ ನನಗೆ ಸಿಕ್ಕಿಲ್ಲ. ಆದ್ದರಿಂದ ಯಾವುದು ಉತ್ತಮ ಎಂದು ಯಾರಾದರೂ ಕೇಳಿದರೆ, ಯಾವ ಬಗೆಯ ಶುಚಿ ಕೆಲಸವನ್ನು ನೀವು ತಪ್ಪದೆ ಮಾಡಬಲ್ಲಿರಿ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಮೊದಲು ಪ್ರಮಾಣದ ಮಾತು. ಮೊಟ್ಟೆ ಇಡುವ ಒಂದು ಹೇಂಟೆ ಹಿತವಾದ ಹವೆಯಲ್ಲಿ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿಯುತ್ತದೆ. ತಿನ್ನುವ ಮೇವಿನ ತೂಕಕ್ಕೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಎರಡು ಪಟ್ಟು. ಬಿಸಿಲು ಏರಿದ ದಿನಗಳಲ್ಲಿ ಇದೇ ಹೇಂಟೆಗೆ ಅರ್ಧ ಲೀಟರ್ ಬೇಕಾಗಬಹುದು, ಏಕೆಂದರೆ ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಅದು ಬಾಯಿ ತೆರೆದು ತೇಕುತ್ತ, ಉಸಿರಿನೊಡನೆ ನೀರಿನ ಆವಿಯನ್ನು ಹೊರಹಾಕಿಯೇ ಮೈಯನ್ನು ತಂಪಾಗಿಸಿಕೊಳ್ಳಬೇಕು. ಮೊಟ್ಟೆಯ ಚಿಪ್ಪಿನೊಳಗಿನ ಭಾಗದ ತೂಕದಲ್ಲಿಯೂ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಹಾಗಾಗಿ ನೀರು ತಪ್ಪಿದಾಗ ಕೋಳಿ ಎಲ್ಲಕ್ಕಿಂತ ಮೊದಲು ಕೈಬಿಡುವುದು ಮೊಟ್ಟೆಯನ್ನು. ಒಂದು ಇಡೀ ದಿನ ನೀರಿಲ್ಲದೆ ಹೋದರೆ ಹೇಂಟೆ ವಾರಗಟ್ಟಲೆ ಮೊಟ್ಟೆ ನಿಲ್ಲಿಸಿ ಗರಿ ಉದುರಿಸುವುದೂ ಉಂಟು.

ಬೋಗುಣಿಯ ನಂತರ ನಾನು ತಂದದ್ದು ಗುಮ್ಮಟದಂತಹ ಕವುಚಿದ ಪಾತ್ರೆ, ಅಂದರೆ ತಟ್ಟೆಯ ಮೇಲೆ ತಲೆಕೆಳಗಾಗಿ ಕೂರುವ ಪ್ಲಾಸ್ಟಿಕ್ ಡ್ರಿಂಕರ್. ಒಳಗಿನ ನೀರನ್ನು ಹೊರಗಿನ ಗಾಳಿಯ ಒತ್ತಡವೇ ಹಿಡಿದಿಡುತ್ತದೆ. ಕೋಳಿ ಕುಡಿದು ತಟ್ಟೆಯ ನೀರು ಇಳಿದಾಗ ಪಾತ್ರೆಯ ಬುಡದ ರಂಧ್ರ ತೆರೆದುಕೊಂಡು, ಒಂದು ಗುಳ್ಳೆ ಗಾಳಿ ಒಳಗೆ ಹೋಗಿ, ಅಷ್ಟೇ ನೀರು ಹೊರಬರುತ್ತದೆ. ರಂಧ್ರ ಮತ್ತೆ ಮುಳುಗಿದೊಡನೆ ಹರಿವು ನಿಲ್ಲುತ್ತದೆ. ಈ ಸರಳ ಏರ್ಪಾಡಿಗೆ ಇರುವ ಒಂದೇ ಷರತ್ತು ನೆಲ ಸಮತಟ್ಟಾಗಿರಬೇಕೆಂಬುದು. ತಟ್ಟೆ ಓರೆಯಾದರೆ ರಂಧ್ರದ ಬದಿ ಮೇಲೆದ್ದು ಗಾಳಿ ನಿರಂತರವಾಗಿ ನುಗ್ಗುತ್ತದೆ ಮತ್ತು ಇನ್ನೊಂದು ಬದಿಯಿಂದ ಇಡೀ ಪಾತ್ರೆಯ ನೀರು ನೆಲಕ್ಕೆ ಹರಿಯುತ್ತದೆ. ಕೋಳಿಗಳು ಕೆದರಿ ಒಂದು ಇಟ್ಟಿಗೆಯ ಬುಡವನ್ನು ಸಡಿಲಿಸಿದ ರಾತ್ರಿ ನನಗೆ ಇದು ಅನುಭವಕ್ಕೆ ಬಂತು. ಬೆಳಿಗ್ಗೆ ಪಾತ್ರೆ ಬರಿದಾಗಿತ್ತು, ಗೂಡಿನ ನೆಲಕ್ಕೆ ಹರಡಿದ ಹೊಟ್ಟಿನ ಹಾಸು ಅರ್ಧದಷ್ಟು ಒದ್ದೆಯಾಗಿತ್ತು.

ಒದ್ದೆ ಹಾಸನ್ನು ನಾನು ಕೊಳಕು ನೀರಿಗಿಂತ ಹೆಚ್ಚು ಭಯದಿಂದ ನೋಡುತ್ತೇನೆ. ಕೋಳಿಗಳಿಗೆ, ಅದರಲ್ಲೂ ಮರಿಗಳಿಗೆ, ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ರೋಗದ ಸೂಕ್ಷ್ಮಜೀವಿ ಹಿಕ್ಕೆಯ ಮೂಲಕ ಹೊರಬಂದಾಗ ಇನ್ನೂ ಸೋಂಕು ಹರಡುವ ಸ್ಥಿತಿಯಲ್ಲಿರುವುದಿಲ್ಲ. ತೇವ, ಬೆಚ್ಚಗಿನ ಹವೆ ಮತ್ತು ಗಾಳಿ ಸಿಕ್ಕರೆ ಒಂದೆರಡು ದಿನಗಳಲ್ಲಿ ಅದು ಬಲಿಯುತ್ತದೆ. ನೀರಿನ ಪಾತ್ರೆಯ ಸುತ್ತಲಿನ ಒದ್ದೆ ವರ್ತುಲ ಈ ಮೂರನ್ನೂ ಒಟ್ಟಿಗೆ ಒದಗಿಸುತ್ತದೆ. ಅಲ್ಲಿಂದಲೇ ಅಮೋನಿಯದ ಘಾಟು ಏಳುತ್ತದೆ, ಅಲ್ಲಿಯೇ ನಿಂತು ಪಾದಗಳ ಚರ್ಮ ಮೆದುವಾಗಿ ಹುಣ್ಣಾಗುತ್ತದೆ. ಹೀಗಾಗಿ ಯಾವ ಡ್ರಿಂಕರ್ ಆದರೂ ಸರಿ, ಅದರ ಕೆಳಗಿನ ಹೊಟ್ಟನ್ನು ಪ್ರತಿ ಬೆಳಿಗ್ಗೆ ಕೈಯಲ್ಲಿ ಹಿಡಿದು ಹಿಂಡಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಅದು ಉಂಡೆಕಟ್ಟಿದರೆ ಅಷ್ಟು ಭಾಗವನ್ನು ಅಂದೇ ತೆಗೆದುಹಾಕುತ್ತೇನೆ.

ಕವುಚಿದ ಪಾತ್ರೆಯನ್ನು ಮೂರು ಇಟ್ಟಿಗೆಗಳ ಗಟ್ಟಿ ಕಟ್ಟೆಯ ಮೇಲೆ, ತಟ್ಟೆಯ ಅಂಚು ಹೇಂಟೆಯ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟ ಮೇಲೆ ಕಸ ಬೀಳುವುದು ಬಹಳ ಕಡಿಮೆಯಾಯಿತು. ಆದರೆ ಅದರ ಪ್ಲಾಸ್ಟಿಕ್ ಅರೆಪಾರದರ್ಶಕವಾಗಿದ್ದುದರಿಂದ ಬಿಸಿಲು ತಾಗಿದ ಬದಿಯಲ್ಲಿ ವಾರದೊಳಗೆ ಹಸಿರು ಪಾಚಿ ಕಟ್ಟುತ್ತಿತ್ತು. ನೆರಳಿಗೆ ಸರಿಸಿದಾಗ ಪಾಚಿ ನಿಂತಿತು, ನೀರೂ ತಂಪಾಗಿ ಉಳಿಯಿತು. ನೀರು ಬೆಚ್ಚಗಾದಷ್ಟೂ ಕೋಳಿ ಕುಡಿಯಲು ಹಿಂಜರಿಯುತ್ತದೆ. ಅತ್ಯಂತ ಹೆಚ್ಚು ನೀರು ಬೇಕಾದ ಹೊತ್ತಿನಲ್ಲಿಯೇ ಬಿಸಿಲಿನ ಪಾತ್ರೆ ಅದಕ್ಕೆ ಅತ್ಯಂತ ಬಿಸಿ ನೀರು ಕೊಡುತ್ತದೆ ಎಂಬುದನ್ನು ಯೋಚಿಸಿದರೆ, ನೆರಳಿನ ಜಾಗ ಹುಡುಕುವುದು ಪಾತ್ರೆ ಕೊಳ್ಳುವುದಕ್ಕಿಂತ ಮೊದಲ ಕೆಲಸವೆನಿಸುತ್ತದೆ.

ಮೂರನೆಯದು ನಿಪ್ಪಲ್ ಬಕೆಟ್, ಅಂದರೆ ಕೊಕ್ಕು ತಾಗಿದಾಗ ಹನಿ ಬಿಡುವ ಪುಟ್ಟ ಕವಾಟಗಳಿರುವ ಬಕೆಟ್. ಮುಚ್ಚಳವಿರುವ, ಬೆಳಕು ತೂರದ 10 ಲೀಟರಿನ ಬಕೆಟ್ಟಿನ ತಳಕ್ಕೆ ನಾಲ್ಕು ರಂಧ್ರ ಕೊರೆದು ನಾಲ್ಕು ನಿಪ್ಪಲ್‌ಗಳನ್ನು ತಿರುಗಿಸಿ ಕೂರಿಸಿದೆ. ರಂಧ್ರ ಒಂದು ಕೂದಲೆಳೆ ದೊಡ್ಡದಾದರೂ ಎಷ್ಟು ಟೇಪ್ ಸುತ್ತಿದರೂ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ನನ್ನ ಮೊದಲ ಬಕೆಟ್ ಹಾಗೆಯೇ ಹಾಳಾಯಿತು. ನಿಪ್ಪಲ್ಲಿನ ನಡುವಿನ ಸ್ಟೀಲ್ ಕಡ್ಡಿಯನ್ನು ಕೋಳಿ ಕೊಕ್ಕಿನಿಂದ ತಳ್ಳಿದಾಗ ಮಾತ್ರ ನೀರು ಇಳಿಯುತ್ತದೆ. ಕೋಳಿ ಪಾರಿವಾಳದಂತೆ ನೀರನ್ನು ಹೀರಲಾರದು. ಕೊಕ್ಕಿನಲ್ಲಿ ಮೊಗೆದು, ತಲೆಯೆತ್ತಿ, ಗಂಟಲಿಗೆ ಇಳಿಸಿಕೊಳ್ಳುತ್ತದೆ. ನಿಪ್ಪಲ್ ತಲೆಗಿಂತ ಮೇಲೆ ತೂಗಿದಾಗ ಆ ತಲೆಯೆತ್ತಿದ ಭಂಗಿ ತಾನಾಗಿ ಬರುತ್ತದೆ. ಪಾದಗಳು ನೆಲದ ಮೇಲೆ ಪೂರ್ಣ ಊರಿದ್ದು, ಕತ್ತು ಚಾಚಿದರೆ ಕೊಕ್ಕು ಕಡ್ಡಿಗೆ ಸರಿಯಾಗಿ ತಾಗುವ ಎತ್ತರ ಬೇಕು. ತೀರಾ ಕೆಳಗಿದ್ದರೆ ಕೋಳಿ ಪಕ್ಕದಿಂದ ಕುಟುಕಿ, ಅರ್ಧ ನೀರು ಹಾಸಿನ ಮೇಲೆ ಬೀಳುತ್ತದೆ.

ಕಲಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ತಂಪಾದ ಹವೆಯ ದಿನಗಳನ್ನು ಆರಿಸಿಕೊಂಡು, ಬೆಳಿಗ್ಗೆ ಗೂಡು ತೆರೆದಾಗ ಬಕೆಟ್ಟನ್ನು ಮಾತ್ರ ತೂಗುಹಾಕಿ, ಕಡ್ಡಿಯನ್ನು ಬೆರಳಿನಿಂದ ಅಲುಗಿಸಿ ಹನಿ ಹೊಳೆಯುವಂತೆ ಮಾಡಿದೆ. ಒಂದು ಹೇಂಟೆ ಕುಟುಕಿತು. ಉಳಿದವು ಅದನ್ನು ನೋಡಿ ಕಲಿತವು. ಎರಡು ಮಾತ್ರ ಮಧ್ಯಾಹ್ನದವರೆಗೂ ಮುಟ್ಟಲಿಲ್ಲವಾದ್ದರಿಂದ ಅವಕ್ಕೆ ಹಳೆಯ ಪಾತ್ರೆಯಲ್ಲಿ ನೀರು ಕೊಟ್ಟು, ಮರುದಿನ ಮತ್ತೆ ಪ್ರಯತ್ನಿಸಿದೆ. ಪ್ರತಿ ಕೋಳಿಯೂ ಕುಡಿಯುವುದನ್ನು ಕಣ್ಣಾರೆ ಕಾಣುವವರೆಗೆ ಹಳೆಯ ಪಾತ್ರೆಯನ್ನು ತೆಗೆದಿಡಬಾರದು.

ನೀರು ಕನ್ನಡಿಯಂತೆ ತಿಳಿಯಾಗಿತ್ತು, ಹಾಸು ಒಣಗಿತ್ತು, ನಾನು ನಿಶ್ಚಿಂತನಾಗಿದ್ದೆ. ಕೆಲವು ವಾರಗಳ ನಂತರ ಒಂದು ಸುಡುವ ಮಧ್ಯಾಹ್ನ ಎಲ್ಲ ಕೋಳಿಗಳೂ ರೆಕ್ಕೆ ಅಗಲಿಸಿ ತೇಕುತ್ತ ಬಕೆಟ್ಟಿನ ಕೆಳಗೆ ಗುಂಪಾಗಿ ನಿಂತಿದ್ದವು. ಬಕೆಟ್ಟಿನಲ್ಲಿ ಮುಕ್ಕಾಲು ಭಾಗ ನೀರಿತ್ತು. ನಿಪ್ಪಲ್ ಒತ್ತಿದರೆ ಒಂದು ಹನಿಯೂ ಬರಲಿಲ್ಲ. ಮುಚ್ಚಳ ಎತ್ತಿದಾಗ ಗಾಳಿ ಸುಯ್ಯೆಂದು ಒಳನುಗ್ಗಿತು, ನಾಲ್ಕೂ ನಿಪ್ಪಲ್‌ಗಳಲ್ಲಿ ನೀರು ಬಂತು. ಸೊಳ್ಳೆ ಹೋಗಬಾರದೆಂದು ಅಂದು ಬೆಳಿಗ್ಗೆ ಮುಚ್ಚಳವನ್ನು ಎಂದಿಗಿಂತ ಬಿಗಿಯಾಗಿ ಒತ್ತಿದ್ದೆ. ನೀರು ಇಳಿದಂತೆ ಅದರ ಜಾಗಕ್ಕೆ ಬರಲು ಗಾಳಿಗೆ ದಾರಿಯಿರಲಿಲ್ಲ. ಕವುಚಿದ ಪಾತ್ರೆಯನ್ನು ನಡೆಸುತ್ತಿದ್ದ ಅದೇ ಗಾಳಿಯ ಒತ್ತಡ ಇಲ್ಲಿ ನೀರನ್ನು ಕಟ್ಟಿಹಾಕಿತ್ತು. ಅದುವರೆಗೆ ಸಡಿಲವಾದ ಮುಚ್ಚಳವೇ ನನಗೆ ತಿಳಿಯದಂತೆ ಕೋಳಿಗಳನ್ನು ಕಾಪಾಡಿತ್ತು. ಯಾವ ಕೋಳಿಯೂ ಸಾಯಲಿಲ್ಲ. ಆದರೆ ಮುಂದಿನ ಕೆಲವು ದಿನ ಮೊಟ್ಟೆ ಅರ್ಧಕ್ಕಿಳಿಯಿತು, ಮತ್ತು ಅವು ಬಾಯಿ ತೆರೆದು ನಿಂತಿದ್ದ ನೋಟ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ. ಈಗ ಬಕೆಟ್ಟಿನ ಕಂಠದ ಕೆಳಗೆ, ನೀರಿನ ಮಟ್ಟಕ್ಕಿಂತ ಮೇಲೆ, ಸಣ್ಣ ರಂಧ್ರವಿದೆ. ಸೊಳ್ಳೆ ಹೋಗದಂತೆ ಅದಕ್ಕೆ ನವುರಾದ ಜಾಲರಿ ಅಂಟಿಸಿದ್ದೇನೆ. ಬೆಳಿಗ್ಗೆ ಪ್ರತಿಯೊಂದು ನಿಪ್ಪಲ್ಲನ್ನೂ ಬೆರಳಿನಿಂದ ಒತ್ತಿ ನೋಡದೆ ಗೂಡಿನಿಂದ ಹೊರಬರುವುದಿಲ್ಲ.

ಮುಚ್ಚಿದ ವ್ಯವಸ್ಥೆಯ ಮುಖ್ಯ ದೋಷವೂ ಇದೇ ಬಗೆಯದು, ಅಂದರೆ ಕಣ್ಣಿಗೆ ಬೀಳದಂಥದು. ಬೋಗುಣಿ ಕೊಳಕಾದರೆ ದೂರದಿಂದಲೇ ಗೊತ್ತಾಗುತ್ತದೆ. ಬಕೆಟ್ಟಿನ ಒಳಗೋಡೆಯಲ್ಲಿ ಸೂಕ್ಷ್ಮಜೀವಿಗಳು ಕಟ್ಟುವ ಲೋಳೆ ಪದರ ಬೆರಳಾಡಿಸಿದಾಗ ಮಾತ್ರ ಜಾರುತ್ತದೆ. ಬರಿಯ ನೀರಿನಲ್ಲಿ ಗಲಬರಿಸಿ ಚೆಲ್ಲಿದರೆ ಅದು ಹೋಗುವುದಿಲ್ಲ. ಬ್ರಷ್ ಹಾಕಿ ಉಜ್ಜಲೇಬೇಕು. ವಾರಕ್ಕೊಮ್ಮೆ ಬಕೆಟ್ ಇಳಿಸಿ, ಸಾಬೂನಿನಲ್ಲಿ ಉಜ್ಜಿ ತೊಳೆದು, ಬಳಿಕ ಡಬ್ಬಿಯ ಮೇಲೆ ಸೂಚಿಸಿದ ಅಳತೆಯ ಬ್ಲೀಚ್ ದ್ರಾವಣವನ್ನು ಸ್ವಲ್ಪ ಹೊತ್ತು ಬಿಟ್ಟು, ವಾಸನೆ ಪೂರ್ಣ ಹೋಗುವವರೆಗೆ ಜಾಲಾಡಿ ಒಣಗಿಸುತ್ತೇನೆ. ಗಡಸು ನೀರಿನ ಬಿಳಿಯ ಉಪ್ಪು ನಿಪ್ಪಲ್ಲಿನ ಕಡ್ಡಿಯ ಸುತ್ತ ಕಟ್ಟಿದಾಗ ಅವನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಸುತ್ತೇನೆ. ಆದರೆ ವಿನೆಗರ್ ಮತ್ತು ಬ್ಲೀಚ್ ಎಂದಿಗೂ ಒಂದನ್ನೊಂದು ಸೇರಬಾರದು. ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಒಂದನ್ನು ಬಳಸಿದ ದಿನ ನಾನು ಇನ್ನೊಂದನ್ನು ಮುಟ್ಟುವುದೇ ಇಲ್ಲ. ಸತುವಿನ ಲೇಪವಿರುವ ತಗಡಿನ ಪಾತ್ರೆಗೂ ವಿನೆಗರ್ ಒಗ್ಗದು, ಆಮ್ಲ ಆ ಲೇಪವನ್ನು ಕರಗಿಸಿ ನೀರಿಗೆ ಬಿಡುತ್ತದೆ. ಇನ್ನು ಜೀವಸತ್ವದ ಪುಡಿಯನ್ನಾಗಲಿ ಔಷಧವನ್ನಾಗಲಿ ಕೊಡಬೇಕಾದಾಗ ಕವುಚಿದ ಹಳೆಯ ಪಾತ್ರೆಯನ್ನೇ ಬಳಸುತ್ತೇನೆ. ಸಕ್ಕರೆಯ ಅಂಶವಿರುವ ಯಾವುದೇ ಪುಡಿ ಬಕೆಟ್ಟಿಗೆ ಬಿದ್ದರೆ ಎರಡೇ ದಿನಗಳಲ್ಲಿ ಲೋಳೆ ದಪ್ಪವಾಗುತ್ತದೆ.

ಕೊಳವೆಗೆ ನೇರ ಜೋಡಿಸುವ, ತೇಲುಗುಂಡಿನಿಂದ ತಾನಾಗಿ ತುಂಬುವ ಕಪ್ಪುಗಳನ್ನೂ ನೋಡಿದ್ದೇನೆ. ಹತ್ತು ಕೋಳಿಗಳಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ. ಕೈಯಿಂದ ತುಂಬಿಸುವುದರಲ್ಲಿ ಒಂದು ಲಾಭವಿದೆ. ಬಕೆಟ್ಟಿನ ಒಳಬದಿಯಲ್ಲಿ ಲೀಟರಿನ ಗೆರೆಗಳನ್ನು ಕೊರೆದಿದ್ದೇನೆ, ಆದ್ದರಿಂದ ನಿನ್ನೆ ಎಷ್ಟು ಕುಡಿದವು ಎಂಬುದು ಪ್ರತಿ ಬೆಳಿಗ್ಗೆ ತಿಳಿಯುತ್ತದೆ. ಒಮ್ಮೆ ಹವೆ ಬದಲಾಗದಿದ್ದರೂ ಎರಡು ದಿನ ಸತತವಾಗಿ ಅವು ಕುಡಿದ ನೀರು ಎಂದಿಗಿಂತ ಅರ್ಧ ಲೀಟರಿಗೂ ಮಿಕ್ಕಿ ಇಳಿಯಿತು. ಮೇವು ಎಂದಿನಂತೆ ಖಾಲಿಯಾಗುತ್ತಿತ್ತು, ನೋಡಲು ಎಲ್ಲವೂ ಗೆಲುವಾಗಿದ್ದವು. ಕುಳಿತು ಗಮನಿಸಿದಾಗ ಬಲಶಾಲಿಯಾದ ಒಂದು ಹೇಂಟೆ ಬಕೆಟ್ಟಿನ ಬಳಿಯೇ ನಿಂತು, ಗುಂಪಿನಲ್ಲಿ ಕೆಳಗಿನ ಸ್ಥಾನದ ಮೂರನ್ನು ಕುಕ್ಕಿ ಓಡಿಸುತ್ತಿತ್ತು. ಹೇಂಟೆಗಳು ಮೊಟ್ಟೆಯಿಟ್ಟ ಬಳಿಕ ಮತ್ತು ಸಂಜೆ ಗೂಡು ಸೇರುವ ಮುನ್ನ ಹೆಚ್ಚು ಕುಡಿಯುತ್ತವೆ. ಆ ಹೊತ್ತಿನ ನೂಕುನುಗ್ಗಲಿನಲ್ಲಿ ಆ ಮೂರಕ್ಕೆ ಸರದಿಯೇ ಬರುತ್ತಿರಲಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿ ಕಾಣದಂತೆ ಗೂಡಿನ ಆಚೆ ಎರಡನೆಯ ಬಕೆಟ್ ತೂಗಿದ ಮೇಲೆ ಗೆರೆ ಮತ್ತೆ ಹಿಂದಿನ ಮಟ್ಟಕ್ಕೆ ಬಂತು.

ನಿಪ್ಪಲ್ಲಿನಿಂದ ಹನಿಹನಿಯಾಗಿ ಬರುವ ನೀರು ಕಡುಬಿಸಿಲಿನಲ್ಲಿ ಸಾಲದು ಎಂಬುದು ನನ್ನ ಅಭಿಪ್ರಾಯ. ತೇಕುವ ಕೋಳಿ ಕೊಕ್ಕು ತುಂಬ ಮೊಗೆಯಲು ಬಯಸುತ್ತದೆ. ಅಂಥ ದಿನಗಳ ಮಧ್ಯಾಹ್ನ ಕವುಚಿದ ಪಾತ್ರೆಯನ್ನೂ ತಂಪು ನೀರು ತುಂಬಿ ಮರದ ನೆರಳಿನಲ್ಲಿಟ್ಟು, ಸಂಜೆ ತೊಳೆದು ಒಳಗಿಡುತ್ತೇನೆ.

ಈ ಬಾರಿ ಮರಿಗಳೂ ಬಂದಿವೆ. ಮೊದಲ ವಾರ ಅವಕ್ಕೆ ತೀರಾ ಆಳವಿಲ್ಲದ ತಟ್ಟೆಯಲ್ಲಿ, ಮುಳುಗದಂತೆ ತೊಳೆದ ಬೆಣಚುಕಲ್ಲುಗಳನ್ನು ಹರಡಿ ನೀರಿಟ್ಟೆ. ಪೆಟ್ಟಿಗೆಯಿಂದ ತೆಗೆದ ಒಂದೊಂದು ಮರಿಯ ಕೊಕ್ಕನ್ನೂ ಒಮ್ಮೆ ನೀರಿಗೆ ತಾಗಿಸಿಯೇ ಕೆಳಗೆ ಬಿಟ್ಟೆ. ಎರಡನೆಯ ವಾರ ಪುಟ್ಟ ಬಕೆಟ್ಟೊಂದನ್ನು ನಿಪ್ಪಲ್ ಅವುಗಳ ಕಣ್ಣಿನ ಮಟ್ಟಕ್ಕೆ ಬರುವಂತೆ ಸರಪಳಿಯಲ್ಲಿ ತೂಗುಹಾಕಿದೆ. ಅವು ಬೆಳೆದಂತೆ ಎರಡು ಮೂರು ದಿನಗಳಿಗೊಮ್ಮೆ ಸರಪಳಿಯನ್ನು ಒಂದು ಕೊಂಡಿಯಷ್ಟು ಮೇಲಕ್ಕೆ ಏರಿಸುತ್ತಿದ್ದೇನೆ.